ಬೀಗ ತೆಗೆಯುವ ಮುನ್ನ

ಮೊದಲು ಅವನು ಕುರ್ಚಿಗಳನ್ನು ನಾಲ್ಕು ಸಾಲು ಹಾಕಿದ. ಬಾಗಿಲ ಬಳಿ ಹೋಗಿ ನಿಂತು ನೋಡಿದ. ಇಷ್ಟು ಖಾಲಿ ಕುರ್ಚಿ ಕಂಡರೆ ಬರುವ ಅಧಿಕಾರಿಣಿಗೆ ಏನನ್ನಿಸೀತು? ಎರಡು ಸಾಲು ಎತ್ತಿ ಗೋಡೆಗೆ ಒರಗಿಸಿದ. ಉಳಿದ ಎರಡನ್ನೂ ಕೆಡಿಸಿ ಅರ್ಧ ಸುತ್ತಿನಲ್ಲಿ ಇಟ್ಟ. ಹಾಗಿಟ್ಟರೆ ನಾಲ್ಕೈದು ಜನ ಕೂತರೂ ಕೋಣೆ ತುಂಬಿದ ಹಾಗೆ ಕಾಣುತ್ತದೆ ಎಂದು ಎಲ್ಲೋ ಓದಿದ್ದ. ಆದರೆ ನಾಲ್ಕೈದು ಜನ ಎಲ್ಲಿಗೆ ಸಾಕು? ಕೋರಂ ಆಗಬೇಕಾದರೆ ಒಂಬತ್ತು ಜನ ಬೇಕು. ಆ ಒಂಬತ್ತು ಎಂಬುದು ಕಳೆದ ಎರಡು ಸಭೆಗಳಿಂದ ಅವನ ನಿದ್ದೆ ಕೆಡಿಸಿತ್ತು.

ಅವನು ಲಿಫ್ಟ್ ಮೆಕ್ಯಾನಿಕ್‌ಗಳ ಸಂಘದ ಊರ ಶಾಖೆಗೆ ಕಾರ್ಯದರ್ಶಿ. ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ಎಲ್ಲರ ಬಾಯಲ್ಲೂ 'ಅಲಾರಂ'. ಸಭೆಗೆ ಇನ್ನೂ ವಾರವಿದೆ ಎನ್ನುವಾಗಲೇ ಅವನ ಫೋನು ಶುರು. ಹಲ್ಲುಜ್ಜುವಾಗ ಒಂದು, ಊಟಕ್ಕೆ ಕೂತಾಗ ಒಂದು, ಮಗುವನ್ನು ಮಲಗಿಸುವಾಗ ಇನ್ನೊಂದು. "ಬರ್ತೀರಲ್ಲ? ಖಂಡಿತಾ ಬರ್ತೀರಲ್ಲ?" ಎದುರಿನವರು "ಬರ್ತೀನಿ ಕಣಪ್ಪಾ, ತಲೆ ತಿನ್ಬೇಡ" ಎಂದು ಬಾಯಿಮಾತಿಗೆ ಹೇಳಿ, ಸಭೆಯ ದಿನ ಫೋನನ್ನು ಕವುಚಿ ಹಾಕಿ ಮನೆಯಲ್ಲೇ ಉಳಿಯುತ್ತಿದ್ದರು.

ಸದಸ್ಯರನ್ನು ಹಿಡಿದಿಡಲು ಅವನು ಮಾಡದ ಸರ್ಕಸ್ ಇರಲಿಲ್ಲ. ಹೊಸ ಡೋರ್ ಸೆನ್ಸರ್ ಬಗ್ಗೆ ಉಪನ್ಯಾಸ ಇಡಿಸಿದ. ಉಪನ್ಯಾಸಕ್ಕೆ ಬಂದವರು ಪಾಪ, ಮುಂದಿನ ಸಾಲಿನಲ್ಲಿ ಬಾಯಿ ಬಿಟ್ಟುಕೊಂಡು ನಿದ್ದೆ ಹೊಡೆಯುತ್ತಿದ್ದ ಅವನ ಭಾವಮೈದನಿಗೇ ಪೂರ್ತಿ ಪಾಠ ಮಾಡಿ ಹೋದರು. ಕ್ವಿಜ್ ಇಟ್ಟ. ಇಬ್ಬರು ಬಂದರು, ಇಬ್ಬರಿಗೂ ಬಹುಮಾನ. ಕುಟುಂಬ ಸಮೇತ ಬನ್ನಿ ಎಂದ. ಬಂದದ್ದು ಅವನ ಹೆಂಡತಿ ಒಬ್ಬಳೇ, "ಇದಕ್ಕಾ ನಾನು ಹೊಸ ಚಪ್ಪಲಿ ಹಾಕ್ಕೊಂಡು ಏಳು ಮಹಡಿ ಬಂದಿದ್ದು?" ಎಂದು ಮೂಗು ಮುರಿದಳು. ದಿನಾ ಬೆಳಗಾದರೆ ಫೋನಿನ ಗುಂಪಿಗೆ ಹೂವಿನ ಚಿತ್ರ ಹಾಕಿ ಶುಭೋದಯ ಹೇಳಿದ. ಮೂವರು ಗುಂಪನ್ನೇ ಬಿಟ್ಟರು.

ಇಷ್ಟು ದಿನ ಅದೆಲ್ಲ ನಗೆಪಾಟಲಿನ ಮಾತು. ಈ ಸಂಜೆ ಮಾತ್ರ ಹಾಗಲ್ಲ. ಮುಖ್ಯ ಕಚೇರಿಯಿಂದ ಬಂದ ವೀಕ್ಷಕಿ ಆಗಲೇ ಅರ್ಧ ಸುತ್ತಿನ ಕೊನೆಯ ಕುರ್ಚಿಯಲ್ಲಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮೆತ್ತಗಿನ ಸ್ವಭಾವದವರೇ. ಬಂದ ಕೂಡಲೇ ನೇರವಾಗಿ ಹೇಳಿಬಿಟ್ಟಿದ್ದರು: "ನೋಡಿ ಸರ್, ಸತತ ಮೂರನೇ ಸಲ ಕೋರಂ ಆಗ್ಲಿಲ್ಲ ಅಂದ್ರೆ ಶಾಖೆ ಮುಚ್ಚಬೇಕು ಅಂತ ನಿಯಮ. ನಿಮ್ಮ ಸದಸ್ಯರು ದೊಡ್ಡ ಶಾಖೆಗೆ ಸೇರ್ಕೊಳ್ತಾರೆ. ನಿಮ್ಮ ತುರ್ತು ಕರೆ ಇದ್ಯಲ್ಲ, ಅದು ಅಲ್ಲಿನ ಕಾಲ್ ಸೆಂಟರ್‌ಗೆ ಹೋಗುತ್ತೆ."

ಕಾಲ್ ಸೆಂಟರ್ ಅಂತೆ!

ಆ ತುರ್ತು ಕರೆಗಾಗಿಯೇ ಈ ಶಾಖೆ ಹುಟ್ಟಿದ್ದು. ಅವನ ಮಾವ, ಅಂದರೆ ಹೆಂಡತಿಯ ತಂದೆ, ಊರಿನ ಮೊದಲ ಲಿಫ್ಟ್ ಮೆಕ್ಯಾನಿಕ್‌ಗಳಲ್ಲಿ ಒಬ್ಬರು. ಒಂದು ದಿನ ಕೆಟ್ಟು ನಿಂತ ಲಿಫ್ಟಿನ ಮೇಲೆ ಒಬ್ಬರೇ ಕೂತು ಕೆಲಸ ಮಾಡುತ್ತಿದ್ದರು. ಮೇಲಿನ ಮೆಷಿನ್ ರೂಮಿನಲ್ಲಿ ಸ್ವಿಚ್ ಬಿದ್ದಿದೆ ಎಂದು ನೋಡಿದ ಯಾರೋ ಒಬ್ಬರು, ಒಳ್ಳೆಯ ಮನಸ್ಸಿನಿಂದಲೇ, ಅದನ್ನು ಎತ್ತಿ ಹಾಕಿದರು. ಲಿಫ್ಟು ಹೊರಟಿತು. ಮಾವನ ಬಗ್ಗೆ ಇದಕ್ಕಿಂತ ಹೆಚ್ಚು ಆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.

ಆಮೇಲೆ ಊರಿನ ಮೆಕ್ಯಾನಿಕ್‌ಗಳೆಲ್ಲ ಸೇರಿ ಮೂರು ಮಾತು ಕೊಟ್ಟುಕೊಂಡರು. ಲಿಫ್ಟು ಓಡಾಡುವ ಶಾಫ್ಟಿನ ಹತ್ತಿರ, ಅದರ ಮೇಲಿನ ಮೆಷಿನ್ ರೂಮಿನಲ್ಲಿ, ಯಾರೂ ಒಂಟಿಯಾಗಿ ಇರಕೂಡದು. ಕಂಪನಿ ಒಬ್ಬರನ್ನೇ ಕಳಿಸಿದರೂ ಹತ್ತಿರದಲ್ಲಿರುವ ಸದಸ್ಯರೊಬ್ಬರು ಜೊತೆಗೆ ಹೋಗಬೇಕು, ಅವರು ಯಾವ ಕಂಪನಿಯವರಾದರೂ ಸರಿ; ಶಾಖೆಯ ಮಾತಿಗೆ ಕಂಪನಿಗಳೂ ಒಪ್ಪಿ ಅವರನ್ನು ಬಿಡುತ್ತಿದ್ದವು. ಸ್ವಿಚ್ ಆರಿಸಿದವರು ಅದಕ್ಕೆ ತಮ್ಮದೇ ಬೀಗ ಹಾಕಬೇಕು, ಆ ಬೀಗದ ಕೀ ಅವರೊಬ್ಬರ ಹತ್ತಿರವೇ ಇರಬೇಕು. ಬೀಗ ತೆಗೆಯುವ ಮುನ್ನ ಶಾಫ್ಟಿನೊಳಕ್ಕೆ ಕೂಗಿ ಹೇಳಬೇಕು, ಬಂದಿದ್ದ ಪ್ರತಿಯೊಬ್ಬರೂ ತಮ್ಮ ಬಾಯಿಂದಲೇ "ಹೊರಗಿದ್ದೀನಿ" ಎಂದು ಉತ್ತರ ಕೊಡಬೇಕು. ಒಬ್ಬರ ದನಿ ಕೇಳದಿದ್ದರೂ ಬೀಗ ತೆಗೆಯುವಂತಿಲ್ಲ.

ಲಿಫ್ಟಿನಲ್ಲಿ ಜನ ಸಿಕ್ಕಿಕೊಂಡಾಗ, ಅದಕ್ಕೆಂದೇ ಬೇರೆ ಇರುವ ತುರ್ತು ಗುಂಪಿಗೆ ಹಾಕುವ ಮಾತಿಗೂ ಒಂದು ಕಟ್ಟುಪಾಡಿದೆ: 'ಒಳಗೆ ಜನ', ಯಾವ ಕಟ್ಟಡ, 'ಬೀಗ ಹಾಕಿದೆ'. ಅಷ್ಟೇ. ಅದನ್ನು ಓದಿದವರು ಯಾಕೆ, ಏನು ಎಂದು ಕೇಳುವುದಿಲ್ಲ. ಕೈಲಿದ್ದದ್ದನ್ನು ಅಲ್ಲೇ ಇಟ್ಟು ಓಡಿ ಬರುತ್ತಾರೆ. ಸಭೆಗೆ ಕರೆದರೆ ಮುಖ ತಿರುಗಿಸುವ ಇದೇ ಮಹಾನುಭಾವರು ಆ ಕರೆಗೆ ಒಂದು ಸಲವೂ ತಪ್ಪಿಸಿಕೊಂಡದ್ದಿಲ್ಲ.

ಈಗ ಅವನ ಮಗಳೂ ಮೆಕ್ಯಾನಿಕ್. ತಾತನ ಕಥೆ ಗೊತ್ತಿದ್ದೂ, ತಾಯಿ ಅತ್ತು ಕರೆದು ಮಾಡಿದರೂ, ಹಟ ಹಿಡಿದು ಇದೇ ಕೆಲಸಕ್ಕೆ ಬಂದವಳು. ಅವಳ ಕಂಪನಿ ಅವಳನ್ನು ಎಲ್ಲ ಕಡೆಗೂ ಒಬ್ಬಳನ್ನೇ ಕಳಿಸುತ್ತದೆ. ಶಾಖೆ ಇರುವ ತನಕ ಯಾರಾದರೊಬ್ಬರು ಅವಳ ಪಕ್ಕದಲ್ಲಿ ನಿಲ್ಲುತ್ತಾರೆ. ಶಾಖೆ ಹೋದ ಮೇಲೆ? ಯಾವ ಊರಲ್ಲೋ ಕೂತ ಕಾಲ್ ಸೆಂಟರಿನವರು ಶಾಫ್ಟಿಗೆ ಬಂದು ನಿಲ್ಲುತ್ತಾರೆಯೇ? ಅವನು ಊರವರ ಕಾಲು ಹಿಡಿದು, ಬೈಸಿಕೊಂಡು, ಅಲಾರಂ ಎನ್ನಿಸಿಕೊಂಡದ್ದೆಲ್ಲ ಇದೊಂದಕ್ಕೆ. ಯಾರಿಗೂ ಅದನ್ನು ಬಾಯಿ ಬಿಟ್ಟು ಹೇಳಿರಲಿಲ್ಲ, ಮಗಳಿಗಂತೂ ಇಲ್ಲವೇ ಇಲ್ಲ.

ಸಭೆಯ ಹೊತ್ತು ಮೀರಿತು. ಒಬ್ಬರೂ ಇಲ್ಲ. ಅವನು ಕಾರಿಡಾರಿಗೆ ಬಂದು ಫೋನು ಹಚ್ಚಿದ.

"ಅಯ್ಯೋ, ಇವತ್ತಾ? ನಾಳೆ ಅಂದ್ಕೊಂಡಿದ್ದೆ," ಎಂದ ಗ್ರೀಸಣ್ಣ. ಮೈಕೈ ತುಂಬಿಕೊಂಡ ಹಿರಿಯ ಮೆಕ್ಯಾನಿಕ್, ಯಾವಾಗ ನೋಡಿದರೂ ಮೊಣಕೈ ತನಕ ಗ್ರೀಸು, ಅದಕ್ಕೇ ಆ ಹೆಸರು.

"ಬೆಳಗ್ಗೆ ಎರಡು ಸಲ ಫೋನ್ ಮಾಡಿದ್ನಲ್ಲೋ!"

"ನೀನು ದಿನಾ ಮಾಡ್ತೀಯ. ಯಾವುದು ಅಂತ ಲೆಕ್ಕ ಇಟ್ಕೊಳ್ಳಲಿ?"

ಭಾವಮೈದ ಇನ್ನೂ ನೇರ. "ಭಾವ, ಬೇಜಾರು ಮಾಡ್ಕೋಬೇಡಿ. ಮಗಳಿಗೆ ಸೈಕಲ್ ಕಲಿಸ್ತಿದ್ದೀನಿ. ನಿಮ್ಮ ಸಭೇಲಿ ಏನಿರುತ್ತೆ? ಹೋದ ಸಲದ ವರದಿ ಓದ್ತೀರಿ, ಮುಂದಿನ ಸಲ ಬನ್ನಿ ಅಂತೀರಿ."

ಮಗಳು ಫೋನೇ ಎತ್ತಲಿಲ್ಲ. ಕೆಲಸದಲ್ಲಿದ್ದಾಗ ಎತ್ತುವುದಿಲ್ಲ, ಅದೂ ಅವನೇ ಕಲಿಸಿದ್ದು.

ಅವನು ಒಳಗೆ ಬಂದ. ವೀಕ್ಷಕಿ ಗಡಿಯಾರ ನೋಡಲಿಲ್ಲ, ಪಾಪ, ಬೇಕೆಂದೇ ನೋಡಲಿಲ್ಲ. "ಇನ್ನು ಸ್ವಲ್ಪ ಹೊತ್ತು ಕಾಯೋಣ ಬಿಡಿ," ಎಂದರು. ಆ ಕರುಣೆಯೇ ಅವನಿಗೆ ಚುಚ್ಚಿತು. ಇವರು ಬೈದಿದ್ದರೂ ಚೆನ್ನಾಗಿತ್ತು.

ಆಗ ಅವನ ತಲೆಗೆ ಅದು ಬಂತು. ಬಂದದ್ದೇ ಅವನು ತಲೆ ಕೊಡವಿದ. ಛೀ, ತುರ್ತು ಕರೆಯನ್ನು ಮುಟ್ಟಬಾರದು. ಆದರೆ ಒಂದು ಸಲ ಹೊಕ್ಕ ಯೋಚನೆ ಹೊರಗೆ ಹೋಗಬೇಕಲ್ಲ! ಒಂದೇ ಒಂದು ಸಲ. ಬಂದವರಿಗೆ 'ಬಿಡಿಸಿ ಆಯ್ತು, ಆ ಮನುಷ್ಯ ಮನೆಗೆ ಹೋದ' ಎಂದರಾಯಿತು. ಬಂದದ್ದಕ್ಕೆ ಹತ್ತು ನಿಮಿಷ ಕೂತು ಕೈ ಎತ್ತಿ ಹೋಗುತ್ತಾರೆ. ಯಾರ ಗಂಟು ಹೋಗುತ್ತದೆ?

"ಲಿಫ್ಟ್ ಏನೋ ಸದ್ದು ಮಾಡ್ತಿತ್ತು, ನೋಡ್ಕೊಂಡು ಬರ್ತೀನಿ ಮೇಡಂ," ಎಂದು ಎದ್ದ.

ಲಿಫ್ಟು ಕಟ್ಟಡದ ಹಿಂಬದಿಗೆ, ಕಿರಿದಾದ ಹಿಂದಿನ ಮೆಟ್ಟಿಲ ಪಕ್ಕದಲ್ಲಿತ್ತು. ಏಳನೇ ಮಹಡಿಯಲ್ಲೇ ಬಾಗಿಲು ತೆರೆದು ನಿಂತಿತ್ತು. ಒಳಗೆ ಇಣುಕಿದ, ನರಪಿಳ್ಳೆಯಿಲ್ಲ. ಕೆಳಗಿನ ಆಫೀಸುಗಳೆಲ್ಲ ಮುಚ್ಚಿದ್ದವು. ಕಬ್ಬಿಣದ ಏಣಿ ಹತ್ತಿ ಮೆಷಿನ್ ರೂಮಿಗೆ ಹೋದ. ಕಂಟ್ರೋಲರ್ ಗುಂಡಿ ಒತ್ತಿ ಖಾಲಿ ಲಿಫ್ಟನ್ನು ಕೆಳಗಿಳಿಸಿದ. ಅದು ನಾಲ್ಕನೇ ಮಹಡಿ ದಾಟುತ್ತಿದ್ದಂತೆ ಮೇನ್ ಸ್ವಿಚ್ ಎಳೆದ. ಬರುವವರು ಕಣ್ಣು ಮುಚ್ಚಿಕೊಂಡು ಬರುವ ಜನವಲ್ಲ. ಲಿಫ್ಟು ನಿಜವಾಗಿಯೂ ಮಹಡಿಗಳ ನಡುವೆ ನಿಂತಿರಬೇಕು.

ಸ್ವಿಚ್ ಎಳೆದ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು, ಕೆಂಪು ಬೀಗ ತೆಗೆಯಿತು, ಸ್ವಿಚ್ಚಿಗೆ ಹಾಕಿ ಕೀ ತಿರುಗಿಸಿತು. ಸುಳ್ಳಿಗೂ ಬೀಗ ಹಾಕಿದೆನಲ್ಲ ಎಂದು ಅವನಿಗೇ ನಗು ಬಂತು. ಮೊಬೈಲ್ ತೆಗೆದು ಬರೆದ: 'ಒಳಗೆ ಜನ. ಸಂಘದ ಕಟ್ಟಡ. ಬೀಗ ಹಾಕಿದೆ.' ಹೆಬ್ಬೆರಳು ಒಂದು ಗಳಿಗೆ ಅಲ್ಲೇ ನಿಂತಿತು. ಆಮೇಲೆ ಒತ್ತಿಬಿಟ್ಟ, ಏಣಿಯಿಳಿದು ಕೋಣೆಯ ಬಾಗಿಲಿಗೆ ಬಂದು ನಿಂತ.

ಬಂದರು ನೋಡಿ! ಇಷ್ಟು ದಿನ ಕರೆದರೂ ಬಾರದವರು ಹೇಗೆ ಬಂದರು! ಮುಂದಿನ ದೊಡ್ಡ ಮೆಟ್ಟಿಲಲ್ಲಿ ದಡದಡ ಬೂಟಿನ ಸದ್ದು. ಎಲ್ಲರಿಗಿಂತ ಮುಂಚೆ ಗ್ರೀಸಣ್ಣ, ಅಷ್ಟು ಮೈ ಹೊತ್ತುಕೊಂಡು ಏಳು ಮಹಡಿ ಓಡಿ ಬಂದಿದ್ದ, ಎದೆ ತಿದಿಯಂತೆ ಏರಿಳಿಯುತ್ತಿತ್ತು. ಹಿಂದೆಯೇ ಮನೆಯ ಚಡ್ಡಿಯಲ್ಲೇ ಬಂದ ಒಬ್ಬ. ಅರ್ಧ ಕ್ಷೌರದ ಮುಖ ಹೊತ್ತು ಇನ್ನೊಬ್ಬ. ಇನ್ನೂ ಮೂವರು. ಕರೆ ಬಂದರೆ ಮೊದಲು ಕರೆದವನ ಹತ್ತಿರ, ಬೀಗದ ಕೀ ಇರುವವನ ಹತ್ತಿರ, ಹೋಗಬೇಕು ಎಂಬುದು ಪದ್ಧತಿ. ಹಾಗಾಗಿ ಎಲ್ಲರೂ ನೇರ ಅವನ ಮುಂದೆ ಬಂದು ನಿಂತರು.

"ಎಲ್ಲಿ? ಯಾವ ಮಹಡಿ? ಎಷ್ಟು ಜನ?" ಗ್ರೀಸಣ್ಣ ಉಸಿರು ತೆಗೆದುಕೊಳ್ಳಲೂ ನಿಲ್ಲಲಿಲ್ಲ.

"ಆಯ್ತು, ಆಯ್ತು. ಬಿಡಿಸಿಬಿಟ್ಟೆ. ಒಬ್ಬರೇ ಇದ್ದರು, ಹಿಂದಿನ ಮೆಟ್ಟಿಲಿಳಿದು ಹೋದರು."

"ಅಬ್ಬಾ!" ಆರೂ ಜನ ಒಟ್ಟಿಗೆ ಉಸಿರು ಬಿಟ್ಟರು. ಚಡ್ಡಿಯವನು ನೆಲದ ಮೇಲೇ ಕೂತ. ಅವರ ಮುಖದಲ್ಲಿ ಬಂದ ಆ ನೆಮ್ಮದಿ ನೋಡಿ ಅಲಾರಂ ಕಣ್ಣು ತಪ್ಪಿಸಿದ.

"ಬಂದಿದ್ದೀರಲ್ಲ, ಹಾಗೇ ಕೂತ್ಕೊಳ್ಳಿ. ಮೇಡಂ ಕಾಯ್ತಿದ್ದಾರೆ. ಹತ್ತೇ ನಿಮಿಷ."

ಗೊಣಗುತ್ತಲೇ ಕೂತರು. ಅವನು ಸೇರಿ ಏಳು. ಇನ್ನಿಬ್ಬರು ಸಾಕು. ಮಗಳು ಬರುತ್ತಾಳೆ, ಅವಳ ಹಿಂದೆ ಭಾವಮೈದ ಬಂದೇ ಬರುತ್ತಾನೆ. ಆ ಕರೆಗೆ ಅವನು ಸತ್ತಂತೆ ಬಿದ್ದಿದ್ದರೂ ಎದ್ದು ಬರುವವನು, ಹೋದದ್ದು ಅವನ ಅಪ್ಪನಲ್ಲವೇ. ಯಾಕಿನ್ನೂ ಬಂದಿಲ್ಲ?

"ಅಲ್ಲಯ್ಯ," ಗ್ರೀಸಣ್ಣ ಹಣೆ ಒರೆಸಿಕೊಳ್ಳುತ್ತ ಕೇಳಿದ, "ಬಿಡಿಸಿದ ಮೇಲೆ ಲಿಫ್ಟ್ ಯಾಕೆ ಇನ್ನೂ ಅಲ್ಲೇ ಇದೆ? ಮೇಲಕ್ಕೆ ತರಬಾರದಾ? ನಾನು ಮತ್ತೆ ಮೆಟ್ಟಿಲಿಳಿದ್ರೆ ನೀವು ನನ್ನ ಹೊತ್ಕೊಂಡೇ ಹೋಗಬೇಕು. ಬಾ, ನಾನೂ ಬರ್ತೀನಿ, ಏನಾಗಿದೆ ನೋಡೋಣ."

"ಬೇಡ ಬೇಡ! ನೀನು ಕೂತ್ಕೋ, ಸುಸ್ತಾಗಿದ್ದೀಯ. ನಾನೇ ತರ್ತೀನಿ."

ಗ್ರೀಸಣ್ಣ ಬಂದು ನೋಡಿದರೆ ಕಥೆ ಮುಗಿಯಿತು. ಕೆಡದ ಲಿಫ್ಟು ಎಂದು ಅವನ ಮೂಗಿಗೇ ಗೊತ್ತಾಗುತ್ತದೆ. ಅಲಾರಂ ಬೇಗಬೇಗ ಏಣಿ ಹತ್ತಿದ. ಬೀಗದ ಮುಂದೆ ಬಗ್ಗಿದ. ಕೂಗಬೇಕು ಎಂಬುದು ನೆನಪಾಗಲಿಲ್ಲ ಎಂದಲ್ಲ, ಆಯಿತು. ಯಾರನ್ನು ಕೂಗುವುದು? ಬಂದ ಆರು ಜನರೂ ಕುರ್ಚಿಯಲ್ಲಿ ಕೂತಿದ್ದಾರೆ. ಶಾಫ್ಟಿನೊಳಗೆ ಯಾರಿರುತ್ತಾರೆ? ಜನರೇ ಇಲ್ಲದ ಲಿಫ್ಟಿಗೆ ಯಾರಿಳಿಯುತ್ತಾರೆ? ಕೂಗಿದರೆ ಕೋಣೆಯಲ್ಲಿರುವವರೆಲ್ಲ ಎದ್ದು ಬರುತ್ತಾರೆ. ಕೀ ತಿರುಗಿಸಿದ. ಬೀಗ ಕೈಗೆ ಬಂತು. ಇನ್ನೊಂದು ಕೈ ಸ್ವಿಚ್ಚಿನ ಹಿಡಿಯ ಮೇಲೆ ಇಟ್ಟ.

ನೆಲದಲ್ಲಿ ಲಿಫ್ಟಿನ ಹಗ್ಗಗಳು ಇಳಿಯುವ ತೂತಿತ್ತು. ಅದರೊಳಗಿನಿಂದ, ತುಂಬ ಕೆಳಗಿನಿಂದ, ಒಂದು ಹೆಣ್ಣು ದನಿ ಕೇಳಿತು.

"ಹೆದರ್ಕೋಬೇಡಿ. ನಾನು ನಿಮ್ಮ ತಲೆ ಮೇಲೇ ಇದ್ದೀನಿ. ಮಾತಾಡೋಕೆ ಆಗ್ದಿದ್ರೆ ಬೇಡ, ಒಂದ್ಸಲ ತಟ್ಟಿ ಸಾಕು. ತಟ್ಟೋಕಾಗುತ್ತಾ? ಇನ್ನೊಂದು ನಿಮಿಷ, ಮೇಲಿನ ಬಾಗಿಲು ತೆಗೀತಿದ್ದೀನಿ. ಕಣ್ಣು ಮುಚ್ಬೇಡಿ, ಆಯ್ತಾ?"

ಮಗಳು. ಯಾರೂ ಇಲ್ಲದ ಲಿಫ್ಟಿನ ನೆತ್ತಿಯ ಮೇಲೆ ಕೂತು, ಇಲ್ಲದ ಮನುಷ್ಯನಿಗೆ ಧೈರ್ಯ ಹೇಳುತ್ತಿದ್ದಳು.

ಸ್ವಿಚ್ಚಿನ ಮೇಲಿದ್ದ ಕೈಯನ್ನು ತೆಗೆಯಬೇಕು, ಅದು ಬರಲೊಲ್ಲದು. ಅಲುಗಿಸಿದರೆ ಎಲ್ಲಿ ಹಿಡಿ ಮೇಲಕ್ಕೆ ಹೋಗಿಬಿಡುತ್ತದೋ ಎಂಬ ಹೆದರಿಕೆ. ಒಂದೊಂದೇ ಬೆರಳು ಬಿಡಿಸಿದ. ಬೀಗವನ್ನು ಮತ್ತೆ ಸಿಕ್ಕಿಸಲು ಹೋದರೆ ಸ್ವಿಚ್ಚಿನ ತೂತಿಗೆ ಸೇರಲಿಲ್ಲ. ಎರಡು ಸಲ ತಪ್ಪಿತು. ಮೂರನೇ ಸಲಕ್ಕೆ ಕಟ್ ಎಂದು ಬಿತ್ತು. ಅಲ್ಲೇ ಕುಕ್ಕರಿಸಿದ.

"ಭಾವ."

ಬಾಗಿಲಲ್ಲಿ ಭಾವಮೈದ ನಿಂತಿದ್ದ. ಹಿಂದಿನ ಮೆಟ್ಟಿಲಿಂದ ಬಂದಿದ್ದ. ನಾಲ್ಕನೇ ಮಹಡಿಯಲ್ಲಿ ಶಾಫ್ಟಿನ ಬಾಗಿಲು ತೆರೆದಿದ್ದನ್ನೂ, ಅದರ ಮುಂದೆ ಅಕ್ಕನ ಮಗಳ ಚೀಲ ಬಿದ್ದಿದ್ದನ್ನೂ ಕಂಡು, ಬೀಗ ಇದೆಯೋ ಇಲ್ಲವೋ ಎಂದು ನೋಡಲು ಒಂದೇ ಉಸಿರಿಗೆ ಮೇಲೆ ಓಡಿ ಬಂದವನು. ಅವನ ಮುಖ ಬಿಳಿಚಿಕೊಂಡಿತ್ತು.

"ಭಾವ, ಬೀಗ ಯಾಕೆ ನಿಮ್ಮ ಕೈಲಿತ್ತು?"

ಅಲಾರಂ ಕೀಯನ್ನು ಮುಷ್ಟಿಯೊಳಗೆ ಸೇರಿಸಿಕೊಂಡ.

"ಕೇಳ್ತಿದ್ದೀನಲ್ಲ. ಅವಳು ಒಳಗಿದ್ದಾಳೆ. ನೀವು ಕೂಗಲಿಲ್ಲ. ನಾನು ಏಣಿ ಹತ್ತಿ ಬಂದೆ, ನಿಮ್ಮ ಬಾಯಿಂದ ಒಂದು ಮಾತು ಬರಲಿಲ್ಲ. ಬೀಗ ಯಾಕೆ ತೆಗೆದ್ರಿ?"

"ಅಪ್ಪಾ!" ತೂತಿನಿಂದ ಮತ್ತೆ ಮಗಳ ದನಿ, ಈಗ ಗಾಬರಿಯಿಂದ. "ಮೇಲಿದ್ದೀಯಾ? ಒಳಗಿಂದ ಉತ್ತರಾನೇ ಬರಲಿಲ್ಲಪ್ಪ! ಬಾಗಿಲು ತೆಗೆದೆ, ಟಾರ್ಚ್ ಬಿಟ್ಟೆ. ಇಲ್ಲಿ ಯಾರೂ ಕಾಣ್ತಿಲ್ಲ!"

ಅವನು ತೂತಿನ ಅಂಚಿಗೆ ಬಾಯಿಟ್ಟ. "ಹೊರಗೆ ಬಾ ಮಗಾ. ಒಳಗೆ ಯಾರೂ ಇಲ್ಲ."

"ಇಲ್ಲ ಅಂದ್ರೆ? ಎಲ್ಲಿ ಹೋದ್ರು? ಶಾಫ್ಟಿನ ತಳಕ್ಕೆ ಬಿದ್ರಾ?"

"ಯಾರೂ ಬಿದ್ದಿಲ್ಲ. ಯಾರೂ ಇರಲೇ ಇಲ್ಲ. ನಾನು ಸುಳ್ಳು ಹೇಳಿದೆ."

ಕೆಳಗೆ ಟಾರ್ಚು ಆರಿತು. ಭಾವಮೈದ ಒಂದು ಹೆಜ್ಜೆ ಮುಂದೆ ಬಂದ, ಹೊಡೆದೇ ಬಿಡುತ್ತಾನೆ ಎಂದುಕೊಂಡ ಅಲಾರಂ. ಹೊಡೆಯಲಿ ಎಂದೇ ಮುಖ ಎತ್ತಿದ. ಹೊಡೆಯಲಿಲ್ಲ. "ನಮ್ಮಪ್ಪ ಹೋದದ್ದು ಹೀಗೇ ಅಲ್ವಾ?" ಎಂದಷ್ಟೇ ಹೇಳಿ, ಅವಳನ್ನು ಹೊರಗೆ ಕರೆತರಲು ಏಣಿ ಇಳಿದು ಹೋದ.

ಆಮೇಲೆ ಕೋಣೆಯಲ್ಲಿ ನಡೆದದ್ದನ್ನು ಹೇಳುವುದು ಕಷ್ಟವಲ್ಲ, ಕೇಳುವುದು ಕಷ್ಟ. ಅಲಾರಂ ಗೋಡೆಗೆ ಒರಗಿಸಿಟ್ಟ ಕುರ್ಚಿಗಳ ಪಕ್ಕ ನಿಂತು, ಮಾಡಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಹೇಳಿ ಮುಗಿಸಿದಾಗ ಗ್ರೀಸಣ್ಣ ಎದ್ದ.

"ಥೂ ನಿನ್ನ! ನನ್ನ ಹೆಂಡತಿ ಕಣ್ಣಿನ ಡಾಕ್ಟರ ಹತ್ರ ಕೂತಿದ್ದಾಳೆ ಕಣೋ. ಔಷಧಿ ಬಿಟ್ಟಿದ್ದಾರೆ, ಕಣ್ಣು ಕಾಣಲ್ಲ ಅವಳಿಗೆ. ಬರ್ತೀನಿ ಇರು ಅಂತ ಬಿಟ್ಟು ಓಡಿ ಬಂದೆ. ಯಾಕೆ? ನಿನ್ನ ವರದಿ ಕೇಳೋಕಾ? ನಾಳೆ ನಿಜವಾಗ್ಲೂ ಯಾರೋ ಸಿಕ್ಕಿಹಾಕ್ಕೊಂಡ್ರೆ, ಆ ಮೆಸೇಜ್ ನೋಡಿ ನಾನು ಓಡ್ತೀನಾ? ಒಂದು ಗಳಿಗೆ ಯೋಚನೆ ಮಾಡ್ತೀನಿ. ಆ ಒಂದು ಗಳಿಗೆ ಸಾಕಲ್ಲೋ, ಒಂದು ಹೆಣ ಬೀಳೋಕೆ!"

ಬಾಯಿಗೆ ಬಂದಂತೆ ಬೈದರು. ಎಲ್ಲವನ್ನೂ ಅವನು ತಲೆ ಬಗ್ಗಿಸಿ ಕೇಳಿಸಿಕೊಂಡ. ಮಗಳು ಬಾಗಿಲ ಹತ್ತಿರ ನಿಂತಿದ್ದಳು, ಕೂದಲ ತುಂಬ ಶಾಫ್ಟಿನ ಧೂಳು.

"ಒಂಟಿಯಾಗಿ ಯಾಕೆ ಇಳಿದೆ?" ಭಾವಮೈದ ಅವಳ ಮೇಲೂ ರೇಗಿದ. "ನಾನು ಬರೋ ತನಕ ಕಾಯೋಕಾಗಲ್ವಾ?"

"ಹಿಂದಿನ ಬಾಗಿಲಿಂದ ಬಂದೆ ಮಾವ. ನಾಲ್ಕನೇ ಮಹಡೀಲಿ ಬಾಗಿಲ ಸಂದಿಯಿಂದ ಲಿಫ್ಟ್ ಕಾಣಿಸ್ತು. ತಟ್ಟಿದೆ, ಕೂಗಿದೆ, ಒಳಗಿಂದ ಉತ್ತರಾನೇ ಇಲ್ಲ. ಪ್ರಜ್ಞೆ ತಪ್ಪಿರಬೇಕು ಅಂದ್ಕೊಂಡೆ." ಅವಳು ಅಪ್ಪನ ಕಡೆ ನೋಡಲಿಲ್ಲ. "ಬೀಗ ಹಾಕಿದೆ ಅಂತ ಬರೆದಿತ್ತಲ್ಲ. ಅಪ್ಪನ ಬೀಗ ಇದ್ದ ಮೇಲೆ ನಾನೆಲ್ಲಿ ಒಂಟಿ ಅಂದ್ಕೊಂಡು ಇಳಿದೆ."

ಅದುವರೆಗೂ ತಡೆದುಕೊಂಡಿದ್ದ ಅಲಾರಂ ಮುಖ ಮುಚ್ಚಿಕೊಂಡ.

ಗ್ರೀಸಣ್ಣ ಬಾಗಿಲ ಕಡೆ ಹೊರಟ. ಅವನ ಹಿಂದೆ ಚಡ್ಡಿಯವನೂ ಎದ್ದ. ವೀಕ್ಷಕಿ ಆಗ ಗಂಟಲು ಸರಿಮಾಡಿಕೊಂಡರು. "ಒಂದು ಮಾತು ಹೇಳಲೇಬೇಕು. ಈಗ ಇಲ್ಲಿ ಒಂಬತ್ತು ಜನ ಇದ್ದೀರಿ. ಹೇಗೆ ಬಂದ್ರಿ ಅಂತ ನಮ್ಮ ನಿಯಮದಲ್ಲಿ ಕೇಳಲ್ಲ. ಇರೋದಾದ್ರೆ ಸಭೆ ಆಗುತ್ತೆ. ಹೋಗೋದಾದ್ರೆ ನಾನು ಶಾಖೆ ಮುಚ್ಚಿದೆ ಅಂತ ಬರೀತೀನಿ."

"ಮುಚ್ಚಲಿ," ಎಂದ ಗ್ರೀಸಣ್ಣ. "ಕೂತ್ರೆ ಇವನ ಸುಳ್ಳೇ ಗೆದ್ದ ಹಾಗೆ."

"ಗ್ರೀಸಣ್ಣ, ಹೋಗ್ಬೇಡಿ." ಮಗಳು ಬಾಗಿಲಿಗೆ ಅಡ್ಡ ನಿಂತಳು. "ನಾಳೆ ಬೆಳಗ್ಗೆ ನನಗೊಂದು ಹಳೇ ಲಿಫ್ಟ್ ಇದೆ. ಕಂಪನಿಯವರು ನನ್ನೊಬ್ಬಳನ್ನೇ ಕಳಿಸ್ತಾರೆ. ಜೊತೆಗೆ ನೀವು ಬರ್ತೀನಿ ಅಂದಿದ್ರಿ. ಶಾಖೆ ಇಲ್ಲ ಅಂದ ಮೇಲೆ ನಿಮ್ಮ ಕಂಪನಿ ನಿಮ್ಮನ್ನ ಬಿಡುತ್ತಾ?"

ಗ್ರೀಸಣ್ಣ ನಿಂತ.

"ಸಭೆ ಮಾಡೋಣ," ಎಂದಳು ಅವಳು. "ನಾನೇ ಮೊದಲ ವಿಷಯ ಇಡ್ತೀನಿ. ಸುಳ್ಳು ಕರೆ ಕೊಟ್ಟಿದ್ದಕ್ಕೆ ಕಾರ್ಯದರ್ಶಿಯನ್ನ ತೆಗೀಬೇಕು. ಅವರ ಬೀಗ ಶಾಖೆಗೆ ಕೊಡಬೇಕು. ನಾವು ವಾಪಸ್ ಕೊಡೋ ತನಕ ಅವರು ಯಾವ ಸ್ವಿಚ್ಚನ್ನೂ ಮುಟ್ಟಬಾರದು."

ಬೀಗವಿಲ್ಲದ ಮೆಕ್ಯಾನಿಕ್ ಎಂದರೇನು ಎಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತು. ಗ್ರೀಸಣ್ಣ ಹಿಂದಿರುಗಿ ಬಂದು ಭಾರವಾಗಿ ಕೂತ. ಚಡ್ಡಿಯವನೂ ಕೂತ.

"ಒಪ್ಪೋರು ಕೈ ಎತ್ತಿ," ಎಂದರು ವೀಕ್ಷಕಿ.

ಮೊದಲು ಭಾವಮೈದನ ಕೈ. ಆಮೇಲೆ ಗ್ರೀಸಣ್ಣನದು, ಮೊಣಕೈ ತನಕ ಗ್ರೀಸು. ಒಂದೊಂದಾಗಿ ಎಲ್ಲರದ್ದೂ. ಮಗಳು ಕೈ ಎತ್ತಿದಳು, ಎತ್ತಿ ಕಿಟಕಿಯ ಕಡೆ ತಿರುಗಿಕೊಂಡಳು. ಅಲಾರಂ ಬಾಗಿಲು ನೋಡಿದ. ಈ ಅವಮಾನ ಹೊತ್ತು ಒಂದು ಗಳಿಗೆಯೂ ಅಲ್ಲಿರಲು ಅವನಿಗೆ ಆಗುತ್ತಿರಲಿಲ್ಲ, ಹೋಗಿಬಿಡೋಣ ಎನ್ನಿಸಿತು. ಆದರೆ ಅವನು ಹೋದರೆ ಉಳಿಯುವುದು ಎಂಟೇ ಜನ.

ಅವನು ಅರ್ಧ ಸುತ್ತಿನಲ್ಲಿ ಖಾಲಿ ಉಳಿದಿದ್ದ ಕುರ್ಚಿಗೆ ಬಂದು ಕೂತ. ಕೂತು, ಬಲಗೈ ಎತ್ತಿದ.

"ಒಂಬತ್ತು," ಎಂದರು ವೀಕ್ಷಕಿ. "ಸರ್ವಾನುಮತ."

ಆ ಶಾಖೆಯಲ್ಲಿ ಎಷ್ಟೋ ಕಾಲದ ಮೇಲೆ ಅಂಗೀಕಾರವಾದ ಮೊದಲ ನಿರ್ಣಯ ಅದು. ಹೊಸ ಕಾರ್ಯದರ್ಶಿ ಯಾರು ಎಂದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಸಭೆಗೆ ಬಂದರೆ ನಿದ್ದೆ ಹೊಡೆಯುವ ಭಾವಮೈದ "ನಾನು ಮಾಡ್ತೀನಿ" ಎಂದ. ಯಾರೂ ನಗಲಿಲ್ಲ.

ಕೊನೆಗೆ ಒಂದು ಕೆಲಸ ಉಳಿದಿತ್ತು. ಸ್ವಿಚ್ಚಿನ ಮೇಲಿನ ಬೀಗ ಅಲಾರಂನದು. ಅದನ್ನು ಅವನೇ ತೆಗೆಯಬೇಕು, ಕೀ ಇದ್ದರೂ ಬೇರೆ ಯಾರೂ ಮುಟ್ಟುವಂತಿಲ್ಲ. ಅವನು ಏಣಿ ಹತ್ತಿದ. ಉಳಿದವರು ಕೆಳಗೆ ಶಾಫ್ಟಿನ ಬಾಗಿಲ ಮುಂದೆ ಬಂದು ನಿಂತರು. ಅವನು ತೂತಿನ ಹತ್ತಿರ ಮಂಡಿಯೂರಿ, ಗಂಟಲು ಕಿತ್ತುಹೋಗುವ ಹಾಗೆ ಕೂಗಿದ.

"ಬೀಗ ತೆಗೀತೀನಿ! ಎಲ್ಲಿದ್ದೀರಿ?"

"ಹೊರಗಿದ್ದೀನಿ!" ಗ್ರೀಸಣ್ಣ.

"ಹೊರಗಿದ್ದೀನಿ!" ಭಾವಮೈದ.

ಹೀಗೆ ಒಬ್ಬೊಬ್ಬರೂ ಕೂಗಿದರು. ಗುಂಪಿನಲ್ಲಿ ತಾನೂ ಬಾಯಿ ಸೇರಿಸಬೇಕೇನೋ ಎಂದುಕೊಂಡ ವೀಕ್ಷಕಿ ಸಣ್ಣ ದನಿಯಲ್ಲಿ "ನಾನೂ ಹೊರಗಿದ್ದೀನಿ" ಎಂದರು. ಒಂದು ದನಿ ಮಾತ್ರ ಬರಲಿಲ್ಲ.

ಅವನು ಕಾದ. ಮತ್ತೆ ಕೂಗಿದ. ಇಲ್ಲ. ಅವಳಿಗೆ ಕೋಪ, ಮಾತಾಡಲು ಇಷ್ಟವಿಲ್ಲ, ಇರಲಿ. ಅವಳು ಶಾಫ್ಟಿನಿಂದ ಹೊರಗೆ ಬಂದು ಕೋಣೆಯಲ್ಲಿ ನಿಂತದ್ದನ್ನು ಅವನೇ ಕಣ್ಣಾರೆ ಕಂಡಿದ್ದಾನೆ. ಆದರೂ ಕೀ ಮುಟ್ಟಲಿಲ್ಲ. ದನಿ ಕೇಳುವ ತನಕ ಇಲ್ಲ. ಬೆಳಗಾದರೂ ಸರಿ, ಇಲ್ಲೇ ಕೂತಿರುತ್ತೇನೆ ಎಂದುಕೊಂಡ.

"ಮಗಾ, ಎಲ್ಲಿದ್ದೀಯ?" ಎಂದು ಮೂರನೇ ಸಲ ಕೂಗಿದ.

"ಹೊರಗಿದ್ದೀನಿ."

ದನಿ ತೂತಿನಿಂದ ಬರಲಿಲ್ಲ. ತಿರುಗಿ ನೋಡಿದ. ಏಣಿ ಹತ್ತಿ ಬಂದವಳು ಅವನ ಹಿಂದೆಯೇ ನಿಂತಿದ್ದಳು, ಕಣ್ಣು ಕೆಂಪಗಿತ್ತು.

"ಕೋಪ ಹೋಗಿಲ್ಲ," ಎಂದಳು. "ಇವತ್ತು ಹೋಗೋದೂ ಇಲ್ಲ. ಮೆಷಿನ್ ರೂಮಲ್ಲಿ ಯಾರೂ ಒಂಟಿಯಾಗಿ ಇರಬಾರದು ಅಂತ ಇದೆ. ಅದಕ್ಕೆ ಬಂದೆ."

ಅವನು ಬೀಗ ತೆಗೆದ. ಕೀ ಸಮೇತ ಅವಳು ಚಾಚಿದ ಕೈಗೆ ಇಟ್ಟ, ಇಟ್ಟು ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತ. ಅವಳು ಸ್ವಿಚ್ ಎತ್ತಿದಳು. ಮೋಟರು ತಿರುಗಿತು, ಖಾಲಿ ಲಿಫ್ಟು ಮೇಲಕ್ಕೆ ಬರತೊಡಗಿತು.